ಮೂವರಲ್ಲಿ ಮಿಗಿಲಾದವರಾರು?

ಆಟದ ಅಭಿಮಾನಿಗಳು ನಾಲ್ವರು ಒಂದೆಡೆ ಕಲೆತರೆಂದರೆ ಅಲ್ಲೊಂದು ನ್ಯಾಯಸ್ಥಾನವೇ ಏರ್ಪಟ್ಟಂತೆ. ವಾದಿ, ಪ್ರತಿವಾದಿ, ಸಾಕ್ಷಿ, ನ್ಯಾಯಾಧೀಶ ಎಲ್ಲರೂ ಅವರೇ. ಹಿಂದಿನವರು ಹೆಚ್ಚೋ ಇಂದಿನವರು ಹೆಚ್ಚೋ ಎಂಬ ವ್ಯಾಜ್ಯ ಅಲ್ಲಿ ಎಂದಿಗೂ ಇತ್ಯರ್ಥವಾಗುವುದಿಲ್ಲ. ಇತ್ಯರ್ಥವಾಗಲೆಂಬ ಆಸೆಯೂ ಯಾರಲ್ಲಿಯೂ ಇದ್ದಂತೆ ತೋರುವುದಿಲ್ಲ. ಅಂಥದೊಂದು ವ್ಯಾಜ್ಯ ಅಮೆರಿಕದ ಗ್ರೀನ್ ಬೇ ಎಂಬ ಊರಿನಲ್ಲಿ ತಾತ, ಮಗ, ಮೊಮ್ಮಗ ಮೂವರನ್ನೂ ಮೂರು ಪಕ್ಷಗಳಾಗಿ ಒಡೆದು ಕೂರಿಸಿದೆ. ತಮ್ಮ ಊರಿನ ಫುಟ್‌ಬಾಲ್ ತಂಡದ ಚರಿತ್ರೆಯಲ್ಲಿ ಸರ್ವಶ್ರೇಷ್ಠ ‘ಕ್ವಾರ್ಟರ್‌ಬ್ಯಾಕ್’ ಯಾರು ಎಂಬುದೇ ಆ ವಿವಾದ. ಈ ವಾರ ವಾಚಕರನ್ನು ಆ ನ್ಯಾಯಸ್ಥಾನದ ಹಿಂದಿನ ಬೆಂಚಿಗೆ ಕರೆದೊಯ್ಯುವುದು ನಮ್ಮ ಉದ್ದೇಶ.

ಊರೇ ಒಡೆಯನಾದ ತಂಡ

ಗ್ರೀನ್ ಬೇ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ, ಮಿಷಿಗನ್ ಮಹಾಸರೋವರದ ಕೊಲ್ಲಿಯೊಂದರ ದಡದಲ್ಲಿದೆ. ಜನಸಂಖ್ಯೆ ಒಂದು ಲಕ್ಷಕ್ಕೆ ತುಸು ಹೆಚ್ಚು. ನ್ಯೂಯಾರ್ಕ್, ಷಿಕಾಗೋಗಳಂಥ ಮಹಾನಗರಗಳ ತಂಡಗಳ ನಡುವೆ ಈ ಊರಿಗೆ ಸ್ಥಾನ ದೊರೆತುದೇ ಒಂದು ಸೋಜಿಗ. 1919ರಲ್ಲಿ ಕರ್ಲಿ ಲ್ಯಾಂಬೊ ಎಂಬ ತರುಣರು, ಜಾರ್ಜ್ ಕ್ಯಾಲ್ಹೂನ್ ಎಂಬ ಪತ್ರಕರ್ತರೊಡನೆ ಸೇರಿ ತಂಡವನ್ನು ಕಟ್ಟಿದರು. ಲ್ಯಾಂಬೊ ಅವರು ಕೆಲಸಕ್ಕಿದ್ದ, ಮಾಂಸವನ್ನು ಡಬ್ಬಿಗಳಲ್ಲಿ ತುಂಬುವ ಕಂಪನಿಯೊಂದು ಅಂಗಿಗಳ ವೆಚ್ಚವನ್ನು ವಹಿಸಿಕೊಂಡಿತು. ‘ಪ್ಯಾಕರ್ಸ್’ ಎಂಬ ಹೆಸರು ಹುಟ್ಟಿದ್ದು ಹೀಗೆ. 1923ರಲ್ಲಿ ಹಣದ ಮುಗ್ಗಟ್ಟು ಬಂದಾಗ ಊರಿನವರೇ ಪಾಲುಗಳನ್ನು ಕೊಂಡು ತಂಡವನ್ನು ಉಳಿಸಿಕೊಂಡರು. ಅಂದಿನಿಂದ ಅದಕ್ಕೆ ಒಬ್ಬ ಧಣಿಯೆಂಬುವನಿಲ್ಲ. ಇಂದು ಪಾಲುದಾರರ ಸಂಖ್ಯೆ ಐದು ಲಕ್ಷವನ್ನು ಮೀರಿದೆ. ಅವರಿಗೆ ಬಿಡಿಗಾಸಿನ ಲಾಭಾಂಶವಿಲ್ಲ, ಪಾಲನ್ನು ಮಾರಿ ಲಾಭ ಗಳಿಸುವಂತೆಯೂ ಇಲ್ಲ. ಗೋಡೆಗೆ ತೂಗುಹಾಕಲು ಒಂದು ಪತ್ರ, ತಂಡದ ವಿಷಯದಲ್ಲಿ ಮಾತನಾಡಲು ಒಂದು ಹಕ್ಕು, ಇಷ್ಟೇ ಅವರ ಆದಾಯ. ಆ ಹಕ್ಕನ್ನು ಅವರು ಧಾರಾಳವಾಗಿ ಚಲಾಯಿಸುತ್ತಾರೆ.

ಹೀಗಾಗಿ ಅಲ್ಲಿ ಆಟಗಾರನ ಹಿರಿಮೆಯ ಪ್ರಶ್ನೆ ಮನೆಯ ಪ್ರಶ್ನೆಯಾಗಿಬಿಟ್ಟಿದೆ. ಮನೆಯ ಮೂವರು ಮಕ್ಕಳಲ್ಲಿ ಯಾರು ಜಾಣರೆಂದು ಕೇಳಿದರೆ ತಾಯಿಗೆ ಎಷ್ಟು ಸಂಕಟವೋ ಆ ಊರಿಗೂ ಅಷ್ಟೇ ಸಂಕಟ.

ಕ್ವಾರ್ಟರ್‌ಬ್ಯಾಕ್ ಎಂದರೆ ಯಾರು?

ನಮ್ಮವರಿಗೆ ಪರಿಚಯವಿರುವ ಕಾಲ್ಚೆಂಡಾಟಕ್ಕೂ ಅಮೆರಿಕದ ಫುಟ್‌ಬಾಲಿಗೂ ಹೆಸರಿನ ಹೊರತು ಹೆಚ್ಚಿನ ನಂಟಿಲ್ಲ. ಅಲ್ಲಿಯದು ಅಂಡಾಕಾರದ ಚೆಂಡು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಎಸೆಯಲೂಬಹುದು. ಪಕ್ಷಕ್ಕೆ ಹನ್ನೊಂದು ಜನ. ಚೆಂಡು ಪಡೆದ ಪಕ್ಷಕ್ಕೆ ನಾಲ್ಕು ಅವಕಾಶಗಳು. ಅಷ್ಟರೊಳಗೆ ಹತ್ತು ಗಜ ಮುಂದೊತ್ತಿದರೆ ಮತ್ತೆ ನಾಲ್ಕು. ಹೀಗೆ ಗಜಗಜವಾಗಿ ನೆಲ ಗೆದ್ದು ಎದುರಾಳಿಯ ಗಡಿಯನ್ನು ದಾಟಿದರೆ ‘ಟಚ್‌ಡೌನ್’, ಅದಕ್ಕೆ ಆರು ಅಂಕ.

ಈ ದಂಡಯಾತ್ರೆಯ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಓಟಗಾರನಿಗೆ ಕೊಡಬೇಕೆ, ದೂರ ಓಡುತ್ತಿರುವ ಜೊತೆಗಾರನಿಗೆ ಎಸೆಯಬೇಕೆ, ತಾನೇ ನುಗ್ಗಬೇಕೆ ಎಂಬುದನ್ನು ಮೂರು ನಾಲ್ಕು ಕ್ಷಣಗಳಲ್ಲಿ ಅವನು ನಿಶ್ಚಯಿಸಬೇಕು. ಆ ಕ್ಷಣಗಳಲ್ಲಿ ಆನೆಗಾತ್ರದ ನಾಲ್ಕೈದು ಮಂದಿ ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ಎಸೆದ ಚೆಂಡು ಜೊತೆಗಾರನ ಕೈಸೇರಿದರೆ ಜಯಘೋಷ. ಎದುರಾಳಿಯ ಕೈಸೇರಿದರೆ ಊರೆಲ್ಲ ನಿಟ್ಟುಸಿರು. ಗೆದ್ದಾಗ ಹೊಗಳಿಕೆಯಲ್ಲಿ ಸಿಂಹಪಾಲು ಅವನದು; ಸೋತಾಗ ಬೈಗುಳದಲ್ಲಿಯೂ ಅಷ್ಟೇ.

ಬೇಡವೆನಿಸಿಕೊಂಡ ಮೂವರು

ಗ್ರೀನ್ ಬೇ ತಂಡ ಈವರೆಗೆ 13 ಬಾರಿ ಲೀಗಿನ ಪ್ರಶಸ್ತಿ ಗೆದ್ದಿದೆ. ಇಷ್ಟನ್ನು ಗೆದ್ದ ತಂಡ ಬೇರೊಂದಿಲ್ಲ. 1930ರ ದಶಕದಲ್ಲಿ ದೂರದ ಎಸೆತಕ್ಕೆ ಹೆಸರಾದ ಆರ್ನಿ ಹರ್ಬರ್ ಅವರಂಥ ಹಳಬರನ್ನು ಮರೆಯುವಂತಿಲ್ಲ. ಆದರೂ ವಾದ ಕೊನೆಗೆ ಮೂರು ಹೆಸರುಗಳ ಬಳಿ ಬಂದು ನಿಲ್ಲುತ್ತದೆ: ಬಾರ್ಟ್ ಸ್ಟಾರ್, ಬ್ರೆಟ್ ಫಾರ್ವ್, ಆರನ್ ರಾಜರ್ಸ್. ಸ್ವಭಾವದಲ್ಲಿ ಒಬ್ಬರಿಗೊಬ್ಬರು ಹೋಲದ ಈ ಮೂವರಿಗೂ ಒಂದು ಸಾಮ್ಯವುಂಟು. ಮೂವರೂ ಮೊದಲಿಗೆ ಲೋಕಕ್ಕೆ ಬೇಡವಾದವರು.

ಸ್ಟಾರ್ ಅವರು 1934ರಲ್ಲಿ ದಕ್ಷಿಣದ ಅಲಬಾಮದಲ್ಲಿ ಜನಿಸಿದರು. ಬೆನ್ನುನೋವಿನಿಂದಾಗಿ ಕಾಲೇಜಿನ ಕಡೆಯ ವರ್ಷಗಳಲ್ಲಿ ಅವರಿಗೆ ಆಡುವ ಅವಕಾಶವೇ ಹೆಚ್ಚಾಗಿ ದೊರೆಯಲಿಲ್ಲ. 1956ರ ಆಯ್ಕೆಯಲ್ಲಿ, 199 ಮಂದಿಯ ಹೆಸರು ಕೂಗಿ ಮುಗಿದ ಮೇಲೆ, ಇನ್ನೂರನೆಯವರಾಗಿ ಅವರ ಹೆಸರು ಬಂದಿತು. ಅದೂ ಅವರ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತರಬೇತುಗಾರರು ಮಾಡಿದ್ದ ಶಿಫಾರಸಿನ ಪುಣ್ಯ.

ಫಾರ್ವ್ ಅವರು ಮಿಸಿಸಿಪ್ಪಿ ಸಂಸ್ಥಾನದ ಕಿಲ್ನ್ ಎಂಬ ಹಳ್ಳಿಯಲ್ಲಿ ಬೆಳೆದವರು. 1990ರಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ಸಣ್ಣ ಕರುಳಿನ 30 ಅಂಗುಲವನ್ನು ಕತ್ತರಿಸಿ ತೆಗೆಸಿಕೊಂಡರು. ಎರಡು ತಿಂಗಳೊಳಗೆ ಮತ್ತೆ ಮೈದಾನಕ್ಕಿಳಿದರು. ಅಟ್ಲಾಂಟಾ ತಂಡ 1991ರಲ್ಲಿ ಅವರನ್ನು ತೆಗೆದುಕೊಂಡಿತು. ಅಲ್ಲಿ ಆ ವರ್ಷವೆಲ್ಲ ಅವರು ಎಸೆದದ್ದು ನಾಲ್ಕೇ ಎಸೆತ. ಒಂದೂ ಜೊತೆಗಾರರ ಕೈಸೇರಲಿಲ್ಲ. ಎರಡು ಎದುರಾಳಿಗಳ ಪಾಲಾದವು. ಮರುವರ್ಷವೇ ಅಟ್ಲಾಂಟಾ ಅವರನ್ನು ಗ್ರೀನ್ ಬೇಗೆ ದಾಟಿಸಿ ಕೈತೊಳೆದುಕೊಂಡಿತು.

1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ರಾಜರ್ಸ್ ಅವರಿಗೆ ಪ್ರೌಢಶಾಲೆ ಮುಗಿದಾಗ ಯಾವ ದೊಡ್ಡ ವಿಶ್ವವಿದ್ಯಾಲಯವೂ ವಿದ್ಯಾರ್ಥಿವೇತನ ಕೊಟ್ಟು ಕರೆಯಲಿಲ್ಲ. ಸಣ್ಣ ಕಾಲೇಜೊಂದರಲ್ಲಿ ಒಂದು ವರ್ಷ ಆಡಿ, ಆಮೇಲೆ ಬರ್ಕ್ಲಿ ಸೇರಿದರು. 2005ರ ಆಯ್ಕೆಯಲ್ಲಿ ಮೊದಲಿಗರಾಗಿ ಆರಿಸಲ್ಪಡುವರೆಂದು ಹಲವರು ನುಡಿದಿದ್ದರು. 23 ಹೆಸರುಗಳು ಮುಗಿಯುವವರೆಗೆ, ದೂರದರ್ಶನದ ಕಣ್ಣುಗಳ ಎದುರಿಗೇ, ಗಂಟೆಗಟ್ಟಲೆ ಅವರು ಕಾದು ಕುಳಿತರು. 24ನೆಯದಾಗಿ ಗ್ರೀನ್ ಬೇ ಕರೆಯಿತು. ಕರೆದ ಮೇಲೂ ಮೂರು ವರ್ಷ ಫಾರ್ವ್ ಅವರ ಬೆನ್ನ ಹಿಂದೆ ಬೆಂಚು ಕಾಯುವುದೇ ಆಯಿತು.

ಹಿಮದಲ್ಲಿ ಒಂದು ಗಜ

1958ರಲ್ಲಿ ಗ್ರೀನ್ ಬೇ 12 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಮರುವರ್ಷ ವಿನ್ಸ್ ಲೊಂಬಾರ್ಡಿ ಎಂಬ ಉಗ್ರ ಶಿಸ್ತಿನ ತರಬೇತುಗಾರರು ಬಂದರು. ಮಾತು ಕಡಿಮೆಯಾದ, ಮುಖದಲ್ಲಿ ಗಾಬರಿಯನ್ನೇ ತೋರದ ಸ್ಟಾರ್ ಅವರಲ್ಲಿ ಲೊಂಬಾರ್ಡಿ ತಮಗೆ ಬೇಕಾದ ಸೇನಾಪತಿಯನ್ನು ಕ್ರಮೇಣ ಗುರುತಿಸಿದರು. 1961, 1962, 1965, 1966, 1967, ಹೀಗೆ ಏಳು ವರ್ಷಗಳಲ್ಲಿ ಐದು ಪ್ರಶಸ್ತಿಗಳು ಬಂದವು. ಮೊದಲ ಎರಡು ‘ಸೂಪರ್ ಬೌಲ್’ ಪಂದ್ಯಗಳನ್ನೂ ಗ್ರೀನ್ ಬೇಯೇ ಗೆದ್ದಿತು. ಎರಡರಲ್ಲಿಯೂ ಪಂದ್ಯದ ಶ್ರೇಷ್ಠ ಆಟಗಾರನೆಂಬ ಗೌರವ ಸ್ಟಾರ್ ಅವರಿಗೆ ಸಂದಿತು.

ಆ ಕಾಲದ ಒಂದು ಪಂದ್ಯವನ್ನು ಅಲ್ಲಿಯ ಜನ ಪುರಾಣದಂತೆ ಹೇಳಿಕೊಳ್ಳುತ್ತಾರೆ. 1967ರ ಡಿಸೆಂಬರ್ 31. ಡಲ್ಲಾಸ್ ತಂಡದ ಎದುರು ಲೀಗಿನ ಅಂತಿಮ ಪಂದ್ಯ. ಉಷ್ಣಮಾನ ಸೊನ್ನೆಗಿಂತ 25 ಡಿಗ್ರಿ ಸೆಂಟಿಗ್ರೇಡ್ ಕೆಳಗೆ. ನೆಲ ಹೆಪ್ಪುಗಟ್ಟದಿರಲೆಂದು ಮೈದಾನದಡಿಯಲ್ಲಿ ಹೂಳಿದ್ದ ಕಾಯಿಸುವ ತಂತಿಗಳು ಕೈಕೊಟ್ಟು, ಹುಲ್ಲು ಗಾಜಿನಂತಾಗಿದ್ದಿತು. ತೀರ್ಪುಗಾರರ ಸೀಟಿಗಳು ತುಟಿಗಳಿಗೆ ಅಂಟಿಕೊಳ್ಳತೊಡಗಿದಾಗ ಅವರು ಸೀಟಿಯನ್ನು ಬಿಟ್ಟು ಕೂಗಿಯೇ ಪಂದ್ಯ ನಡೆಸಿದರು. ಆದರೂ 50 ಸಾವಿರ ಜನ ಕದಲದೆ ಕುಳಿತಿದ್ದರು.

ಐದು ನಿಮಿಷಕ್ಕೂ ಕಡಿಮೆ ವೇಳೆ ಉಳಿದಿದ್ದಾಗ ಗ್ರೀನ್ ಬೇ 14–17ರಿಂದ ಹಿಂದಿದ್ದಿತು. ಗಡಿಗೆ 68 ಗಜ ದೂರ. ಸ್ಟಾರ್ ಚಿಕ್ಕ ಚಿಕ್ಕ ಎಸೆತಗಳಿಂದ, ಆಯ್ದ ಓಟಗಳಿಂದ ತಂಡವನ್ನು ಒಂದು ಗಜದ ಅಂತರಕ್ಕೆ ತಂದರು. ಅಲ್ಲಿ ಓಟಗಾರ ಎರಡು ಬಾರಿ ಯತ್ನಿಸಿ ಜಾರಿದರು. ಉಳಿದದ್ದು 16 ಸೆಕೆಂಡು. ಆಟವನ್ನು ನಿಲ್ಲಿಸಿ ಯೋಚಿಸುವ ಅವಕಾಶಗಳೆಲ್ಲ ಮುಗಿದಿದ್ದವು. ಸುಲಭವಾದ ಒದೆತದಿಂದ ಮೂರು ಅಂಕ ಗಳಿಸಿ ಸಮ ಮಾಡಿಕೊಳ್ಳುವ ದಾರಿಯೂ ಇದ್ದಿತು. ಸ್ಟಾರ್ ಅಂಚಿಗೆ ಹೋಗಿ, ತಾನೇ ನುಗ್ಗುವೆನೆಂದು ತರಬೇತುಗಾರರಿಗೆ ತಿಳಿಸಿ ಬಂದರು. ಜೊತೆಗಾರರಿಗೆ ಹೇಳಿದ್ದು ಮಾತ್ರ ಓಟಗಾರ ಚಕ್ ಮರ್ಸೀನ್‌ಗೆ ಚೆಂಡು ಕೊಡುವ ಸಂಕೇತ. ಚೆಂಡು ಕೈಗೆ ಬಂದೊಡನೆ ಅದನ್ನು ಯಾರಿಗೂ ಕೊಡದೆ, ಜೆರಿ ಕ್ರೇಮರ್ ಮತ್ತು ಕೆನ್ ಬೋಮನ್ ತೆರೆದ ಸಂದಿನಲ್ಲಿ ತಲೆ ತಗ್ಗಿಸಿ ಗಡಿಯಾಚೆ ಬಿದ್ದರು. ಚೆಂಡು ತನಗೇ ಬರುವುದೆಂದು ನಂಬಿ ಓಡಿಬಂದಿದ್ದ ಮರ್ಸೀನ್, ತಾನು ಹಿಂದಿನಿಂದ ತಳ್ಳಲಿಲ್ಲವೆಂದು ತೀರ್ಪುಗಾರರಿಗೆ ಕಾಣಲಿ ಎಂದು ಎರಡೂ ಕೈ ಮೇಲೆತ್ತಿದರು. ಛಾಯಾಚಿತ್ರ ನೋಡಿದವರು ಅದನ್ನು ವಿಜಯೋತ್ಸಾಹವೆಂದೇ ಬಗೆದರು! ಪಂದ್ಯ 21–17ರಿಂದ ಗ್ರೀನ್ ಬೇಗೆ ಸಂದಿತು.

ಒಲಿದು ಮುನಿದ ಊರು

ಸ್ಟಾರ್ ನಿವೃತ್ತರಾದ ಮೇಲೆ ಊರಿಗೆ ಬರಗಾಲ ಬಂದಿತು. ತರಬೇತುಗಾರರಾಗಿ 1975ರಿಂದ 1983ರವರೆಗೆ ಅವರೇ ಹೆಣಗಿದರೂ ಹಿಂದಿನ ವೈಭವ ಮರಳಲಿಲ್ಲ. ಕೊನೆಗೆ ತಾವೇ ಕಟ್ಟಿಬೆಳೆಸಿದ ತಂಡದಿಂದ ಅವರನ್ನು ಬಿಡಿಸಲಾಯಿತು. ಬರಗಾಲವನ್ನು ಕಳೆದವರು ಫಾರ್ವ್. 1992ರಲ್ಲಿ ಗಾಯಗೊಂಡ ಆಟಗಾರನ ಸ್ಥಾನದಲ್ಲಿ ಇಳಿದವರು ಮತ್ತೆ ಆ ಸ್ಥಾನವನ್ನು ಬಿಡಲೇ ಇಲ್ಲ. ಮೊದಲ ಬಾರಿಗೆ ಅವರ ಎಸೆತ ಹಿಡಿತವಾದದ್ದೇ ಒಂದು ವಿನೋದ: ಎದುರಾಳಿಗೆ ತಗುಲಿ ಹಿಂದಕ್ಕೆ ಪುಟಿದ ಚೆಂಡನ್ನು ಅವರೇ ಹಿಡಿದು ಏಳು ಗಜ ಕಳೆದುಕೊಂಡರು!

ಅಲ್ಲಿಂದ ಮುಂದೆ ಗ್ರೀನ್ ಬೇಗಾಗಿ ಒಂದಾದ ಮೇಲೊಂದರಂತೆ 253 ಪಂದ್ಯಗಳನ್ನು ಅವರು ಆರಂಭಿಸಿದರು; ಬೇರೆ ತಂಡಗಳದೂ ಸೇರಿ 297. ಮುರಿದ ಹೆಬ್ಬೆರಳಾಗಲಿ ಉಳುಕಿದ ಕಾಲಾಗಲಿ ಅವರನ್ನು ತಡೆಯಲಿಲ್ಲ. 1995, 1996, 1997, ಸತತ ಮೂರು ವರ್ಷ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು. 1997ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದು 29 ವರ್ಷಗಳ ಹಸಿವನ್ನು ತಣಿಸಿದರು. 2003ರ ಡಿಸೆಂಬರ್ 21ರಂದು ಅವರ ತಂದೆ ಹಠಾತ್ತಾಗಿ ತೀರಿಕೊಂಡರು. ಮರುರಾತ್ರಿ ಓಕ್ಲೆಂಡಿನಲ್ಲಿ ಪಂದ್ಯ. ತಮಗೆ ಬಾಲ್ಯದಲ್ಲಿ ಈ ಆಟವನ್ನು ಕಲಿಸಿದವರೇ ಆ ತಂದೆ. ಫಾರ್ವ್ ಆಡಿದರು, 399 ಗಜಗಳ ಎಸೆತ, ನಾಲ್ಕು ಟಚ್‌ಡೌನ್. ಎದುರಾಳಿಯ ಊರಿನ ಪ್ರೇಕ್ಷಕರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಧೈರ್ಯದ ಮಗ್ಗುಲಲ್ಲಿಯೇ ದುಡುಕು ಕುಳಿತಿರುತ್ತದೆ. ಯಾರೂ ಎಸೆಯಲಾರದ ಕಡೆಗೆ ಫಾರ್ವ್ ಎಸೆಯುತ್ತಿದ್ದರು. ಫಲವಾಗಿ ಗ್ರೀನ್ ಬೇಯಲ್ಲಿ 442 ಟಚ್‌ಡೌನ್‌ಗಳ ಜೊತೆಗೆ 286 ಚೆಂಡುಗಳು ಎದುರಾಳಿಗಳ ವಶವಾದವು. 2008ರ ಜನವರಿಯಲ್ಲಿ ಆ ಮೈದಾನದಲ್ಲಿ ಗ್ರೀನ್ ಬೇ ಪರವಾಗಿ ಅವರು ಎಸೆದ ಕೊನೆಯ ಚೆಂಡೂ ನ್ಯೂಯಾರ್ಕ್ ತಂಡದವರ ಕೈಸೇರಿ, ಸೂಪರ್ ಬೌಲಿನ ಬಾಗಿಲು ಮುಚ್ಚಿತು. ಆ ಬಳಿಕ ಕಣ್ಣೀರಿಟ್ಟು ನಿವೃತ್ತಿ ಸಾರಿದರು. ಬೇಸಗೆಯಲ್ಲಿ ಮನಸ್ಸು ಬದಲಿಸಿ ಮರಳಿದರು. ತಂಡವಾದರೋ ರಾಜರ್ಸ್ ಅವರಿಗೆ ಮಾತು ಕೊಟ್ಟಿದ್ದಿತು. ಫಾರ್ವ್ ನ್ಯೂಯಾರ್ಕಿಗೂ, 2009ರಲ್ಲಿ ಗ್ರೀನ್ ಬೇಯ ಬದ್ಧದ್ವೇಷಿ ಮಿನ್ನೆಸೋಟ ತಂಡಕ್ಕೂ ಹೋದರು. ಆ ವರ್ಷ ನವೆಂಬರಿನಲ್ಲಿ ಬೇರೆ ಬಣ್ಣದ ಅಂಗಿ ತೊಟ್ಟು ಹಳೆಯ ಅಂಗಳಕ್ಕೆ ಕಾಲಿಟ್ಟಾಗ, ಹದಿನಾರು ವರ್ಷ ಜಯಕಾರ ಮಾಡಿದ್ದ ಜನವೇ ಧಿಕ್ಕಾರ ಕೂಗಿತು. ಅವರು ಪಂದ್ಯ ಗೆದ್ದು ಹೋದರು.

ಕರಾರುವಾಕ್ಕಾದ ಕೈ

ರಾಜರ್ಸ್ ಅವರದು ಬೇರೆಯೇ ಕುಲ. ಅವರ ಮಣಿಕಟ್ಟಿನ ಒಂದು ತಿರುವಿಗೆ ಚೆಂಡು ದೂರದಲ್ಲಿ ಓಡುವವನ ಎರಡು ಅಂಗೈಗಳ ನಡುವೆ ಹೋಗಿ ಕೂರುತ್ತಿದ್ದಿತು. ಗ್ರೀನ್ ಬೇಯಲ್ಲಿ ಅವರ ಲೆಕ್ಕ: 475 ಟಚ್‌ಡೌನ್, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಕೇವಲ 105. 2011ರಲ್ಲಂತೂ 45ಕ್ಕೆ 6! ಆ ವರ್ಷದ ಫೆಬ್ರವರಿಯಲ್ಲಿ ಪಿಟ್ಸ್‌ಬರ್ಗ್ ತಂಡವನ್ನು 31–25ರಿಂದ ಸೋಲಿಸಿ ಸೂಪರ್ ಬೌಲ್ ತಂದರು. ಲೀಗಿನ ಅತ್ಯುತ್ತಮ ಆಟಗಾರನೆಂಬ ಬಿರುದು ನಾಲ್ಕು ಬಾರಿ, ಅಂದರೆ ಫಾರ್ವ್ ಅವರಿಗಿಂತ ಒಂದು ಬಾರಿ ಹೆಚ್ಚಾಗಿ, ಅವರಿಗೆ ಒಲಿಯಿತು. 2015ರ ಡಿಸೆಂಬರಿನಲ್ಲಿ ಡೆಟ್ರಾಯಿಟಿನ ಎದುರು, ವೇಳೆಯೆಲ್ಲ ಮುಗಿದುಹೋದ ಮೇಲೆ, ಕಟ್ಟಕಡೆಯದಾಗಿ 61 ಗಜಗಳಷ್ಟು ದೂರದ ಗಡಿಗೆ ಮುಗಿಲಿಗೆಸೆದ ಚೆಂಡು ಜೊತೆಗಾರನ ಕೈಗಿಳಿದು ಸೋಲು ಗೆಲುವಾದುದನ್ನು ನೋಡಿದವರು ಮರೆಯಲಾರರು.

ಇಷ್ಟಾದರೂ ಪ್ರಶಸ್ತಿ ಒಂದೇ. ಅಲ್ಲಿಂದ ಮುಂದೆ ನಾಲ್ಕು ಬಾರಿ ಸೂಪರ್ ಬೌಲಿನ ಹೊಸ್ತಿಲವರೆಗೆ ತಂಡ ಹೋಯಿತು. ನಾಲ್ಕು ಬಾರಿಯೂ ಹೊಸ್ತಿಲಲ್ಲಿ ಎಡವಿತು. 2023ರಲ್ಲಿ ರಾಜರ್ಸ್ ಕೂಡ ಫಾರ್ವ್ ಹೋದ ದಾರಿಯಲ್ಲಿಯೇ ನ್ಯೂಯಾರ್ಕಿನ ಅದೇ ಜೆಟ್ಸ್ ತಂಡಕ್ಕೆ ಹೊರಟುಹೋದರು.

ತಕ್ಕಡಿಯಲ್ಲಿಟ್ಟಾಗ

ಇನ್ನು ತೂಕದ ಮಾತು. ಅಂಕಿಗಳನ್ನೇ ನಂಬುವವರಿಗೆ ತೀರ್ಪು ಸುಲಭ. ಸ್ಟಾರ್ ಅವರ ಟಚ್‌ಡೌನ್ ಎಸೆತಗಳು 152, ಕಳೆದುಕೊಂಡವು 138. ರಾಜರ್ಸ್ ಅವರ 475–105ರ ಮುಂದೆ ಇದು ದೀಪದ ಮುಂದಿನ ಮಿಣುಕುಹುಳು. ಆದರೆ ಕಾಲವನ್ನು ಗಮನಿಸದೆ ಅಂಕಿಯನ್ನು ಓದಬಾರದು. ಸ್ಟಾರ್ ಅವರ ದಿನಗಳಲ್ಲಿ ಚೆಂಡು ಹಿಡಿಯಲು ಓಡುವವನನ್ನು ದಾರಿಯುದ್ದಕ್ಕೂ ಗುದ್ದಿ ತಡೆಯಬಹುದಾಗಿದ್ದಿತು. 1978ರ ನಿಯಮ ಆ ಗುದ್ದಾಟವನ್ನು ಮೊದಲ ಐದು ಗಜಗಳಿಗೆ ಮಿತಿಗೊಳಿಸಿತು. ಎಸೆತದ ಯುಗ ನಿಜವಾಗಿ ತೆರೆದದ್ದು ಆಗ. ಪಂದ್ಯಗಳ ಸಂಖ್ಯೆಯೂ ಆಗ ವರ್ಷಕ್ಕೆ 12, ಆಮೇಲೆ 14. 1978ರಿಂದ 16, 2021ರಿಂದ 17. ತಮ್ಮ ಕಾಲದವರೊಡನೆ ಹೋಲಿಸಿದರೆ, 1962, 1964, 1966ರಲ್ಲಿ ಲೀಗಿನ ಎಸೆತಗಾರರಲ್ಲಿ ಸ್ಟಾರ್ ಅವರೇ ಪ್ರಥಮರು.

ಪ್ರಶಸ್ತಿಯ ದಾರಿಯ ನಿರ್ಣಾಯಕ ಪಂದ್ಯಗಳ ಲೆಕ್ಕವನ್ನೂ ನೋಡೋಣ. ಗ್ರೀನ್ ಬೇಯಲ್ಲಿ ಫಾರ್ವ್ ಗೆದ್ದದ್ದು 12, ಸೋತದ್ದು 10. ರಾಜರ್ಸ್ 11 ಮತ್ತು 10. ಸ್ಟಾರ್ ಗೆದ್ದದ್ದು 9, ಸೋತದ್ದು ಒಂದೇ; ಅದೂ 1960ರಲ್ಲಿ, ಮೊದಲನೆಯ ಯತ್ನದಲ್ಲಿ.

ಪ್ರತಿವಾದಿಗಳಿಗೂ ಬಲವಾದ ಮಾತೊಂದಿದೆ. ಗೆದ್ದದ್ದು ಸ್ಟಾರ್ ಅವರೋ, ಲೊಂಬಾರ್ಡಿಯವರೋ? ಆ ತಂಡದ ತುಂಬ ಮಹಾಮಹಾ ಆಟಗಾರರಿದ್ದರು. 1968ರಲ್ಲಿ ಲೊಂಬಾರ್ಡಿ ತರಬೇತಿಯಿಂದ ಸರಿದೊಡನೆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚಾಯಿತು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗಾದರೂ ಒಂದು ಸಂಗತಿ ಉಳಿಯುತ್ತದೆ. ಇಂದಿನ ಕ್ವಾರ್ಟರ್‌ಬ್ಯಾಕಿನ ಕಿವಿಗೆ ತರಬೇತುಗಾರರ ಆದೇಶ ತಂತಿಯಿಲ್ಲದ ಯಂತ್ರದಿಂದ ಬಂದು ಬೀಳುತ್ತದೆ. ಸ್ಟಾರ್ ಅವರ ಕಾಲದಲ್ಲಿ ಯಾವ ತಂತ್ರ ಹೂಡಬೇಕೆಂಬುದನ್ನು ಬಹುಮಟ್ಟಿಗೆ ಮೈದಾನದಲ್ಲಿಯೇ ಅವರು ಆರಿಸಬೇಕಾಗಿದ್ದಿತು. ಆ ಹಿಮದ ಸಂಜೆ ಲೊಂಬಾರ್ಡಿ ಅಂಚಿನಲ್ಲಿದ್ದರು. ನೆಲ ಎಲ್ಲಿ ಜಾರುತ್ತದೆ, ಯಾವ ಕಾಲು ನಿಲ್ಲುತ್ತದೆ ಎಂಬುದನ್ನು ತಿಳಿದು ಮಾತನಾಡಿದವರು ಸ್ಟಾರ್.

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಚೆಂಡನ್ನು ಎಸೆಯುವ ವಿದ್ಯೆಯಲ್ಲಿ ರಾಜರ್ಸ್ ಅವರಿಗೆ ಸಮಾನರಿಲ್ಲ. ಜನರ ಹೃದಯವನ್ನು ಅಲುಗಿಸಿದವರು ಫಾರ್ವ್. ಆದರೆ ಪ್ರಶ್ನೆ ಶ್ರೇಷ್ಠ ಎಸೆತಗಾರ ಯಾರೆಂದಲ್ಲ. ಈ ತಂಡದ ಚರಿತ್ರೆಯಲ್ಲಿ ಶ್ರೇಷ್ಠ ಸೂತ್ರಧಾರ ಯಾರೆಂದು. ಸೂತ್ರಧಾರನ ವಿದ್ಯೆ ವಿವೇಕ. ಎಲ್ಲರ ಕೈಕಾಲು ಮರಗಟ್ಟಿದಾಗ ಯಾರ ತಲೆ ನೆಟ್ಟಗಿದ್ದೀತು ಎಂಬುದೇ ಅದರ ಪರೀಕ್ಷೆ. ಹತ್ತರಲ್ಲಿ ಒಂಬತ್ತು ಬಾರಿ ಆ ಪರೀಕ್ಷೆಯಲ್ಲಿ ತೇರ್ಗಡೆಯಾದ ಸ್ಟಾರ್ ಅವರಿಗೇ ನಮ್ಮ ಮತ.

ಒಂದು ಮಳೆಯ ರಾತ್ರಿ

2015ರ ನವೆಂಬರ್ 26ರ ರಾತ್ರಿ ಈ ವಾದವೆಲ್ಲ ಕೆಲವು ನಿಮಿಷ ಮೌನ ತಾಳಿತು. ಫಾರ್ವ್ ಧರಿಸುತ್ತಿದ್ದ 4ನೆಯ ಅಂಕೆಯನ್ನು ಇನ್ನಾರಿಗೂ ಕೊಡದೆ ಮೀಸಲಿಡುವ ಗೌರವ ಸಮಾರಂಭ ಅಂದು. ಮಳೆ, ಚಳಿ. ಹಿಂದಿನ ವರ್ಷವಷ್ಟೇ ಪಾರ್ಶ್ವವಾಯುವಿಗೂ ಹೃದಯಾಘಾತಕ್ಕೂ ತುತ್ತಾಗಿದ್ದ 81 ವರ್ಷದ ಸ್ಟಾರ್, ನಡೆಯಲಾರದಿದ್ದರೂ ಪತ್ನಿಯೊಡನೆ ದೂರದ ಅಲಬಾಮದಿಂದ ಬಂದಿದ್ದರು. ಚಿಕ್ಕ ಗಾಡಿಯಲ್ಲಿ ಮೈದಾನಕ್ಕೆ ತರಲ್ಪಟ್ಟ ಅವರನ್ನು ಫಾರ್ವ್ ಬಾಗಿ ಅಪ್ಪಿಕೊಂಡರು. ಆ ರಾತ್ರಿಯ ಪಂದ್ಯಕ್ಕೆ ತಂಡವನ್ನು ನಡೆಸುತ್ತಿದ್ದವರು ರಾಜರ್ಸ್. ಆರು ವರ್ಷ ಹಿಂದೆ ಧಿಕ್ಕಾರ ಕೂಗಿದ್ದ ಊರು ಅಂದು ಎದ್ದು ನಿಂತು ಕಣ್ಣೊರೆಸಿಕೊಂಡಿತು. ಪಂದ್ಯವನ್ನೇನೋ ಗ್ರೀನ್ ಬೇ ಸೋತಿತು.

ಸ್ಟಾರ್ 2019ರ ಮೇ ತಿಂಗಳಲ್ಲಿ ತೀರಿಕೊಂಡರು. ವರ್ಷಗಟ್ಟಲೆ ಒಂದೂ ಪಂದ್ಯ ತಪ್ಪಿಸದೆ ದೇಹವನ್ನು ಸವೆಸಿದ ಫಾರ್ವ್, ತಮಗೆ ಪಾರ್ಕಿನ್‌ಸನ್ ಕಾಯಿಲೆ ತಗುಲಿರುವುದನ್ನು 2024ರಲ್ಲಿ ಬಹಿರಂಗಪಡಿಸಿದರು. ಜಯಘೋಷ ಮಾಡುವ ನಾವು ಆ ಘೋಷದ ಬೆಲೆಯನ್ನು ಯಾರು ತೆರುತ್ತಾರೆಂದು ಒಮ್ಮೊಮ್ಮೆಯಾದರೂ ನೆನೆಯುವುದು ಒಳ್ಳೆಯದು.

ಗ್ರೀನ್ ಬೇಯ ನ್ಯಾಯಸ್ಥಾನ ಇನ್ನೂ ಮುಚ್ಚಿಲ್ಲ. 2023ರಲ್ಲಿ ಜಾರ್ಡನ್ ಲವ್ ಎಂಬ ತರುಣರು, ರಾಜರ್ಸ್ ಕಾದಂತೆಯೇ ಮೂರು ವರ್ಷ ಕಾದು, ಅದೇ ಸ್ಥಾನಕ್ಕೆ ಬಂದರು. ನಾಳೆ ನಾಲ್ಕನೆಯ ಪಕ್ಷವೊಂದು ಹುಟ್ಟಿದರೆ ಆಶ್ಚರ್ಯವಿಲ್ಲ. ನಮ್ಮ ತೀರ್ಪನ್ನು ಅಲ್ಲಿಯವರು ಒಪ್ಪುವರೆಂಬ ಭ್ರಮೆಯೂ ನಮಗಿಲ್ಲ. ತಂಡಕ್ಕೆ ಐದು ಲಕ್ಷ ಒಡೆಯರಿರುವಾಗ ತೀರ್ಪುಗಳೂ ಐದು ಲಕ್ಷ ಇರುವುದು ನ್ಯಾಯವೇ ಸರಿ!